ಕಾರಿನ ಕಾರ್ಪೆಟ್ ಅಡಿಗೆ ಏನು ಹಾಕಬೇಕು? ಕರಾವಳಿಯ ಮಳೆಗೆ ತಾಳುವ ಮೆತ್ತೆಯ ಲೆಕ್ಕ

ಆಗಸ್ಟ್ ಬರುವ ಹೊತ್ತಿಗೆ ಕಾರವಾರದಿಂದ ಭಟ್ಕಳದವರೆಗೆ ಎಷ್ಟೋ ಕಾರುಗಳ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ. ಸುಗಂಧದ ಡಬ್ಬಿ ಇಟ್ಟು ಒಂದಷ್ಟು ದಿನ ದೂಡಬಹುದು. ಕೊನೆಗೆ ಮ್ಯಾಟ್ ಎತ್ತಿ ಕಾರ್ಪೆಟ್ ಮೇಲೆ ಅಂಗೈ ಒತ್ತಿದರೆ ನೀರು ಒಸರುತ್ತದೆ. ಅಲ್ಲಿಗೆ ಕಾರ್ಪೆಟ್ ಬದಲಿಸುವುದು ಖಾಯಂ. ಅಂಗಡಿಗೆ ಹೋದರೆ ಮೇಲಿನ ಕಾರ್ಪೆಟ್ಟಿನ ಬಣ್ಣ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಗೊಂದಲ ಶುರುವಾಗುವುದು ಅಡಿಗೆ ಏನು ಹಾಕಬೇಕು ಎನ್ನುವಲ್ಲಿ: ಫೆಲ್ಟ್, ಸ್ಪಂಜು, ಬೆಳ್ಳಿ ಬಣ್ಣದ ಹಾಳೆ, ಕಪ್ಪು ಅಂಟುಶೀಟು, ಒಬ್ಬೊಬ್ಬರದು ಒಂದೊಂದು ಸಲಹೆ.

ಆ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳಿಗೆ ಹೇಳಿದವು. ಅಲ್ಲಿ ಸದ್ದು ಮತ್ತು ಬಿಸಿ ತಡೆದರೆ ಸಾಕು. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ನಮ್ಮ ಕಡೆ ಮೊದಲು ಕೇಳಬೇಕಾದ್ದು ಬೇರೆ: ಈ ವಸ್ತು ನೀರು ಕುಡಿಯುತ್ತದೆಯೇ, ಕುಡಿದರೆ ಎತ್ತಿ ಒಣಗಿಸಲು ಬರುತ್ತದೆಯೇ? ಸದ್ದಿನ ವಿಚಾರ ಅದಾದ ಮೇಲೆ.

ಕಾಲಡಿಯಲ್ಲಿ ಏನೇನಿದೆ

ಕಾರಿನ ನೆಲ ಎಂದರೆ ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ಉಕ್ಕಿನ ತಗಡು. ಅದರಲ್ಲಿ ಅಲ್ಲಲ್ಲಿ ರಬ್ಬರ್ ಬಿರಟೆ ಹಾಕಿದ ತೂತುಗಳಿರುತ್ತವೆ. ತಗಡಿನ ಮೇಲೆ ಕಂಪನಿಯವರೇ ಅಲ್ಲಲ್ಲಿ ಟಾರಿನಂಥ ತೇಪೆ ಅಂಟಿಸಿರುತ್ತಾರೆ. ಅದರ ಮೇಲೆ ಫೆಲ್ಟ್ ಅಥವಾ ಫೋಮಿನ ಮೆತ್ತೆ, ಮೆತ್ತೆಯ ಮೇಲೆ ನೆಲದ ಆಕಾರಕ್ಕೆ ಅಚ್ಚು ಹಾಕಿದ ಕಾರ್ಪೆಟ್, ಎಲ್ಲಕ್ಕೂ ಮೇಲೆ ನಾವು ಹಾಕುವ ಮ್ಯಾಟ್. ಹಲವು ಕಾರುಗಳಲ್ಲಿ ಮೆತ್ತೆಯನ್ನು ಕಾರ್ಪೆಟ್ಟಿನ ಬೆನ್ನಿಗೇ ಅಂಟಿಸಿರುವುದರಿಂದ ಎರಡೂ ಒಟ್ಟಿಗೇ ಎದ್ದು ಬರುತ್ತವೆ.

ಕಾರ್ಪೆಟ್ಟಿನ ನೂಲು ಸಾಮಾನ್ಯವಾಗಿ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಅಥವಾ ನೈಲಾನ್. ಇವು ನೀರನ್ನು ಹೆಚ್ಚು ಹಿಡಿಯುವುದಿಲ್ಲ. ನೀರು ಕೂರುವುದು ಮೆತ್ತೆಯಲ್ಲಿ. ಹಳೆಯ ಬಟ್ಟೆ-ಹತ್ತಿಯ ಚೂರುಗಳಿಂದ ಮಾಡಿದ ಫೆಲ್ಟ್ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ಮೇಲೆ ಕಾರ್ಪೆಟ್, ಕೆಳಗೆ ತಗಡು, ನಡುವೆ ಗಾಳಿಯಾಡಲು ಜಾಗವೇ ಇಲ್ಲ. ಹೀಗಾಗಿ ಮೇಲ್ಮೈ ಮುಟ್ಟಿದರೆ ಒಣಗಿದಂತಿದ್ದರೂ ಅಡಿ ವಾರಗಟ್ಟಲೆ ಹಸಿಯಾಗಿರುತ್ತದೆ.

ಒಂದೇ ಹಾಳೆ ಎಲ್ಲ ಕೆಲಸ ಮಾಡುವುದಿಲ್ಲ

ಅಂಗಡಿಯಲ್ಲಿ ಎಲ್ಲವನ್ನೂ ‘ಡ್ಯಾಂಪಿಂಗ್’ (ನಡುಕ ತಗ್ಗಿಸುವುದು) ಎಂದೇ ಮಾರುತ್ತಾರೆ. ಕೆಲಸಗಳು ಮಾತ್ರ ಬೇರೆ ಬೇರೆ.

ಮೊದಲನೆಯದು ತಗಡಿನ ನಡುಕ ನಿಲ್ಲಿಸುವುದು. ಜಾಗಟೆ ಬಾರಿಸಿ ಅಂಚಿಗೆ ಒಂದು ಬೆರಳು ಇಟ್ಟರೆ ನಾದ ಅಲ್ಲೇ ಸಾಯುತ್ತದೆ. ಇಡೀ ಜಾಗಟೆಯನ್ನು ಅಂಗೈಯಿಂದ ಮುಚ್ಚಬೇಕಿಲ್ಲ. ಬ್ಯುಟೈಲ್ ಶೀಟು ಮಾಡುವ ಕೆಲಸ ಇದೇ. ಜಿಗುಟಾದ ಬ್ಯುಟೈಲ್ ರಬ್ಬರಿನ ಪದರ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ. ತಗಡು ನಡುಗಿದಾಗ ಈ ಎರಡರ ನಡುವೆ ಸಿಕ್ಕಿದ ರಬ್ಬರು ಹಿಗ್ಗಿ ಜಗ್ಗಿ ನಡುಕವನ್ನು ಸ್ವಲ್ಪ ಶಾಖವಾಗಿ ಕಳೆಯುತ್ತದೆ. ಚಪ್ಪಟೆ ಭಾಗದ ಶೇ. 25ರಿಂದ 30ರಷ್ಟು ಮುಚ್ಚಿದರೆ ಲಾಭದ ಬಹುಪಾಲು ಸಿಕ್ಕಂತೆ. ಇಡೀ ನೆಲಕ್ಕೆ ಹೊದಿಸುವುದರಿಂದ ಖರ್ಚು ಮತ್ತು ತೂಕ ಏರುತ್ತವೆ, ಅಷ್ಟೇ ಪ್ರಮಾಣದಲ್ಲಿ ಸದ್ದು ಇಳಿಯುವುದಿಲ್ಲ.

ಎರಡನೆಯದು ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು. ಇದಕ್ಕೆ ಭಾರ ಬೇಕು. ತೂಕದ ವಿನೈಲ್ ಹಾಳೆ ಚದರ ಮೀಟರಿಗೆ ಸುಮಾರು 5 ಕಿಲೋ ತೂಗುತ್ತದೆ. ಅದು ತಗಡಿಗೆ ನೇರವಾಗಿ ತಾಗದೆ ತೆಳು ಫೋಮಿನ ಮೇಲೆ ತೇಲುವಂತಿದ್ದು, ನೆಲವನ್ನು ಬಿರುಕಿಲ್ಲದೆ ಮುಚ್ಚಿದರೆ ಮಾತ್ರ ಪೂರ್ತಿ ಪ್ರಯೋಜನ.

ಮೂರನೆಯದು ಒಳಗೆ ಬಂದ ಸದ್ದನ್ನು ಹೀರುವುದು. ಫೆಲ್ಟ್ ಮತ್ತು ನಾರಿನ ಮೆತ್ತೆಗಳ ಕೆಲಸವಿದು. ಇಲ್ಲಿ ದಪ್ಪವೇ ಎಲ್ಲ. 1000 ಹರ್ಟ್ಸ್ ಸದ್ದಿನ ಅಲೆ ಸುಮಾರು 34 ಸೆಂ.ಮೀ. ಉದ್ದ, ಅದನ್ನು ಚೆನ್ನಾಗಿ ಹೀರಲು ಅದರ ಕಾಲುಭಾಗ, ಅಂದರೆ 8 ಸೆಂ.ಮೀ.ಗೂ ಮಿಗಿಲಾದ ದಪ್ಪ ಬೇಕು. ಕಾಲಡಿಯಲ್ಲಿ ಅಷ್ಟು ಜಾಗ ಎಲ್ಲಿದೆ? 10 ಮಿ.ಮೀ. ಮೆತ್ತೆ ಗಾಳಿಯ ಸುಯ್ಲನ್ನು ತುಸು ಕಡಿಮೆ ಮಾಡುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಒರಟು ರಸ್ತೆಯ ಮೇಲೆ ಟಯರು ಹೊರಡಿಸುವ ಗುಂಯ್‌ಗುಟ್ಟುವಿಕೆಯನ್ನು ಅದು ನಿಲ್ಲಿಸಲಾರದು. ಆ ಸದ್ದಿನ ದೊಡ್ಡ ಪಾಲು ಚಕ್ರದ ಕಮಾನುಗಳಿಂದ ಬರುತ್ತದೆ. ನೆಲಕ್ಕೆ ತಂದ ಬ್ಯುಟೈಲ್ ಉಳಿದರೆ ಕಮಾನಿನ ಒಳಬದಿಗೆ ಅಂಟಿಸಿ. ಮಳೆಯ ಪಟಪಟ ಸದ್ದು ಛಾವಣಿಯದು, ಅದಕ್ಕೂ ಕಾರ್ಪೆಟ್ಟಿಗೂ ಸಂಬಂಧವಿಲ್ಲ.

ಇನ್ನು ಬಿಸಿ. ನೆಲದಿಂದ ಬರುವ ಬಿಸಿಗೆ ಮುಖ್ಯ ಕಾರಣ ಅಡಿಯಲ್ಲಿ ಹಾಯುವ ಸೈಲೆನ್ಸರ್ ಕೊಳವೆ. ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಎರಡನೇ ಗೇರಿನಲ್ಲಿ ಹತ್ತಿ ಬಂದ ಮೇಲೆ ಎರಡು ಸೀಟುಗಳ ನಡುವಿನ ಉಬ್ಬನ್ನು ಮುಟ್ಟಿ ನೋಡಿದರೆ ತಿಳಿಯುತ್ತದೆ. ಇನ್ಸುಲೇಷನ್ ಬೇಕಾದ್ದು ಆ ಉಬ್ಬಿಗೆ ಮತ್ತು ಇಂಜಿನ್ ಕಡೆಯ ಗೋಡೆಯ ಬುಡಕ್ಕೆ. ಬಿಸಿಲಿಗೆ ನಿಲ್ಲಿಸಿದ ಕಾರು ಕಾಯುವುದು ಗಾಜು ಮತ್ತು ಛಾವಣಿಯಿಂದ. ಅದಕ್ಕೆ ನೆಲದಲ್ಲಿ ಮದ್ದಿಲ್ಲ.

ಬೆಳ್ಳಿ ಹಾಳೆಯ ಬಗ್ಗೆ ಒಂದು ಮಾತು. ಹೊಳೆಯುವ ಮೇಲ್ಮೈ ಶಾಖವನ್ನು ಹಿಂದಕ್ಕೆ ಕಳಿಸಬೇಕಾದರೆ ಅದರ ಒಂದು ಬದಿಗೆ ಖಾಲಿ ಗಾಳಿಯ ಜಾಗ ಇರಲೇಬೇಕು. ಕಾರ್ಪೆಟ್ ಮತ್ತು ತಗಡಿನ ನಡುವೆ ಅಪ್ಪಚ್ಚಿಯಾದ ಹಾಳೆಗೆ ಆ ಜಾಗವಿಲ್ಲ. ಅಲ್ಲಿ ಅದು ಬರೀ ಲೋಹ, ಶಾಖವನ್ನು ಸಲೀಸಾಗಿ ದಾಟಿಸುತ್ತದೆ. ಗುಳ್ಳೆ ಪ್ಲಾಸ್ಟಿಕ್ಕಿಗೆ ಬೆಳ್ಳಿ ಬಣ್ಣ ಬಳಿದ ಅಗ್ಗದ ಹಾಳೆಯ ಗುಳ್ಳೆಗಳೂ ಕಾಲಿನ ತುಳಿತಕ್ಕೆ ಕೆಲವೇ ತಿಂಗಳಲ್ಲಿ ಒಡೆಯುತ್ತವೆ.

ಉಪ್ಪು ಬಂದರೆ ನೀರು ತಾನಾಗಿ ಬರುತ್ತದೆ

ಕರಾವಳಿಯ ಕಾರುಗಳಿಗೆ ಇದು ವಿಶೇಷ ಕಾಟ. ಟ್ಯಾಗೋರ್ ಕಡಲತೀರದಿಂದಲೋ ಓಂ ಬೀಚಿನಿಂದಲೋ ಹತ್ತಿ ಕೂತವರ ಕಾಲಿನ ಮರಳು, ಹಿಂದಿನ ಸೀಟಿನಡಿ ಇಟ್ಟ ಬಂಗಡೆ ಪೆಟ್ಟಿಗೆಯಿಂದ ಸೋರಿದ ಐಸಿನ ನೀರು, ಇವುಗಳಲ್ಲಿ ಉಪ್ಪಿದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದು ಕರಗತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿ ಹೆಚ್ಚು ಹೊತ್ತು ಆ ಮಟ್ಟಕ್ಕಿಂತ ಮೇಲೆಯೇ ಇರುತ್ತದೆ. ಅಂದರೆ ಮೆತ್ತೆಯೊಳಗೆ ಉಪ್ಪು ಸೇರಿದ ಕಾರಿನಲ್ಲಿ ಎಲ್ಲಿಯೂ ಸೋರಿಕೆ ಇಲ್ಲದಿದ್ದರೂ ನೆಲ ಹಸಿಯಾಗುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತುಕ್ಕಿನ ವೇಗವೂ ಹೆಚ್ಚು.

ಆದ್ದರಿಂದ ಹಳೆಯ ಮೆತ್ತೆಯನ್ನು ಒಣಗಿಸಿ ಮತ್ತೆ ಹಾಕುವ ಉಳಿತಾಯ ಕರಾವಳಿಯಲ್ಲಿ ಫಲಿಸುವುದಿಲ್ಲ. ಒಣಗಿಸಿದರೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಕಾರ್ಪೆಟ್ಟನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಬಳಸಬಹುದು, ಫೆಲ್ಟನ್ನು ಬಿಸಾಡಿ. ಶಿರಸಿ, ಸಿದ್ದಾಪುರದ ಕಡೆ ಉಪ್ಪಿನ ಕಾಟವಿಲ್ಲ. ಅಲ್ಲಿ ಕೆಮ್ಮಣ್ಣು ಮತ್ತು ಬೂಷ್ಟಿನದೇ ಕಾರುಬಾರು.

ಹಸಿ ಮೆತ್ತೆ ಬಿಸಿಯನ್ನೂ ತಡೆಯುವುದಿಲ್ಲ. ಮೆತ್ತೆ ಶಾಖ ತಡೆಯುವುದು ತನ್ನೊಳಗೆ ನಿಂತ ಗಾಳಿಯಿಂದ. ಆ ಜಾಗಕ್ಕೆ ನೀರು ಬಂದರೆ ಕಥೆ ಮುಗಿಯಿತು, ಯಾಕೆಂದರೆ ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖ ದಾಟಿಸುತ್ತದೆ.

ಯಾವುದು ಆಗುತ್ತದೆ, ಯಾವುದು ಆಗದು

*ಹತ್ತಿ ಅಥವಾ ಸೆಣಬಿನ ಫೆಲ್ಟ್.* ಅಗ್ಗ, ಕಾಲಿಗೆ ಹಿತ, ಸದ್ದಿಗೂ ಪರವಾಗಿಲ್ಲ. ಒದ್ದೆಯಾಗುವ ಸಾಧ್ಯತೆ ಇರುವ ಕಾರಿಗೆ ಬೇಡ. ಸಸ್ಯದ ನಾರಾದ್ದರಿಂದ ಬೂಷ್ಟಿಗೆ ಅದೇ ಆಹಾರ.

*ತೆರೆದ ರಂಧ್ರದ ಸ್ಪಂಜು.* ಸೀಟಿನೊಳಗೆ ತುಂಬುವ ಬಗೆಯ ಪಿಯು (ಪಾಲಿಯುರೇಥೇನ್) ಫೋಮ್. ನೀರು ಕುಡಿಯುವುದರಲ್ಲಿ ಫೆಲ್ಟನ್ನೂ ಮೀರಿಸುತ್ತದೆ, ಕಾಲಿನ ಭಾರಕ್ಕೆ ಬೇಗ ಚಪ್ಪಟೆಯಾಗುತ್ತದೆ. ಸಾಮಾನ್ಯ ದರ್ಜೆಯದು ಬೆಂಕಿಗೂ ಸುಲಭ ತುತ್ತು.

*ಪಾಲಿಯೆಸ್ಟರ್ ನಾರಿನ ಮೆತ್ತೆ.* ನಾರು ನೀರನ್ನು ಒಳಗೆಳೆಯುವುದಿಲ್ಲ. ನೀರು ಎಳೆಗಳ ನಡುವೆ ಮಾತ್ರ ನಿಲ್ಲುತ್ತದೆ. ಹಿಂಡಿ ಕಟ್ಟೆಯ ಮೇಲೆ ನಿಲ್ಲಿಸಿದರೆ ಇಳಿದು ಹೋಗುತ್ತದೆ, ಬೂಷ್ಟೂ ಬೇಗ ಹಿಡಿಯದು. ಕಾರ್ಪೆಟ್ಟಿನ ತಕ್ಷಣದ ಕೆಳಗೆ ಹಾಕಲು ಇದೇ ಸರಿ. ಬಿಗಿಯಾಗಿ ಒತ್ತಿದ ಬಗೆ ಕೊಳ್ಳಿ. ದಿಂಬಿಗೆ ತುಂಬುವ ಸಡಿಲ ಬಗೆ ತುಳಿತಕ್ಕೆ ತಾಳದು.

*ಮುಚ್ಚಿದ ರಂಧ್ರದ ನೈಟ್ರೈಲ್ ರಬ್ಬರ್ ಫೋಮ್.* ಏಸಿ ಕೊಳವೆಗಳಿಗೆ ಸುತ್ತುವ ಕಪ್ಪು ಫೋಮ್ ಇದೇ. ಏಸಿ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ 6, 9, 13 ಮಿ.ಮೀ. ದಪ್ಪದ ಹಾಳೆಯಾಗಿ ಸಿಗುತ್ತದೆ. ಒಳಗಿನ ಗುಳ್ಳೆಗಳೆಲ್ಲ ಮುಚ್ಚಿರುವುದರಿಂದ ನೀರು ಒಳಗಿಳಿಯುವುದಿಲ್ಲ. ಸಾಮಾನ್ಯವಾಗಿ 105 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ, ಆದ್ದರಿಂದ ಸೈಲೆನ್ಸರ್ ಮೇಲಿನ ಉಬ್ಬಿಗೂ ಸಲ್ಲುತ್ತದೆ. ಪ್ಯಾಕಿಂಗಿಗೆ ಬಳಸುವ ಬಿಳಿ ಫೋಮ್ ಹಾಳೆ ಆ ಜಾಗಕ್ಕೆ ಬೇಡ, ಮೆದುವಾಗಿ ಕುಗ್ಗುತ್ತದೆ.

*ಟಾರ್ ಶೀಟು.* ಛಾವಣಿಯ ಸೋರಿಕೆಗೆ ಹಚ್ಚುವ ಟಾರ್ ಪಟ್ಟಿಯನ್ನೇ ಬ್ಯುಟೈಲ್ ಎಂದು ಮಾರುವವರಿದ್ದಾರೆ. ಒಂದು ತುಂಡನ್ನು ಏಪ್ರಿಲ್ ಬಿಸಿಲಿಗೆ ತಗಡಿನ ಮೇಲೆ ಅರ್ಧ ದಿನ ಇಡಿ. ಹೊಸ ಡಾಂಬರು ರಸ್ತೆಯ ವಾಸನೆ ಬಂದರೆ, ಅಂಚು ಕರಗಿ ಹರಿದರೆ, ಅದು ಟಾರು. ಕಾರಿನೊಳಗೆ ಆ ವಾಸನೆಯೊಂದಿಗೆ ಬದುಕುವುದು ಕಷ್ಟ.

*ತೂಕದ ವಿನೈಲ್.* ನಿತ್ಯ ಹೆದ್ದಾರಿಯಲ್ಲಿ ದೂರ ಓಡುವವರಿಗೆ ಬೆಲೆ ಇದೆ. ಆದರೆ 3 ಚದರ ಮೀಟರ್ ನೆಲಕ್ಕೆ 15 ಕಿಲೋ ಆಗುತ್ತದೆ, ಬಿರುಕಿಲ್ಲದೆ ಮುಚ್ಚುವುದರಿಂದ ಅಡಿಗೆ ಹೋದ ನೀರು ಆರುವುದೂ ಇಲ್ಲ. ಮಳೆಯಲ್ಲಿ ಬಯಲಲ್ಲೇ ನಿಲ್ಲುವ ಕಾರಿಗೆ ಬಿಟ್ಟುಬಿಡುವುದೇ ಲೇಸು.

ಕೊಳ್ಳುವ ಮುನ್ನ ಅಂಗೈಯಗಲದ ಚೂರು ಕೇಳಿ ತನ್ನಿ. ತೂಕ ಮಾಡಿ, ಕಲ್ಲು ಹೇರಿ ರಾತ್ರಿ ನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಕೊಡವಿ ಮತ್ತೆ ತೂಗಿ. ಮುಚ್ಚಿದ ರಂಧ್ರದ ಫೋಮ್ ಹೆಚ್ಚುಕಡಿಮೆ ಅದೇ ತೂಕ ಇರಬೇಕು. ನಾರಿನ ಮೆತ್ತೆಯನ್ನು ಹಿಂಡಿ ನೆರಳಿನಲ್ಲಿ ಒಂದು ಹಗಲು ಬಿಟ್ಟು ತೂಗಿ. ಮೊದಲಿನ ತೂಕಕ್ಕೆ ಮರಳಿದರೆ ಆಗಬಹುದು. ವಾಹನದ ಒಳಸಾಮಗ್ರಿ ಎಷ್ಟು ಬೇಗ ಉರಿಯಬಹುದು ಎಂಬುದಕ್ಕೆ ಐಎಸ್ 15061 ಎಂಬ ಭಾರತೀಯ ಮಾನದಂಡವಿದೆ. ಮಾರುವವರು ಅದನ್ನು ತೋರಿಸಿದರೆ ಒಳ್ಳೆಯದು. ಇಲ್ಲವಾದರೆ ಚೂರನ್ನು ಅಂಗಳದಲ್ಲಿ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಿ. ಜ್ವಾಲೆ ತೆಗೆದ ಮೇಲೂ ಭಗ್ಗನೆ ಉರಿಯುತ್ತ ಹೋಗುವ ವಸ್ತು ಕಾರಿಗೆ ಬೇಡ.

ಮೊದಲು ಸೋರಿಕೆ, ಆಮೇಲೆ ಖರೀದಿ

ನೀರು ಬಂದ ದಾರಿ ಹುಡುಕದೆ ಹೊಸ ಮೆತ್ತೆ ಹಾಕಿದರೆ ಮುಂದಿನ ಜುಲೈಗೆ ಅದೇ ಪಾಡು. ಮುಂದಿನ ಗಾಜಿನ ಬುಡದ ನೀರುಕಾಲುವೆ ಎಲೆಗಳಿಂದ ಕಟ್ಟಿಕೊಳ್ಳುವುದು ಇಲ್ಲಿ ತೀರಾ ಸಾಮಾನ್ಯ. ಮಾವು-ಹಲಸಿನ ಅಡಿ ನಿಲ್ಲುವ ಕಾರಿನಲ್ಲಂತೂ ಅಲ್ಲಿ ಗೊಬ್ಬರವೇ ಆಗಿರುತ್ತದೆ. ತುಂಬಿದ ನೀರು ಗಾಳಿ ಬರುವ ದಾರಿಯಿಂದ ಒಳಗಿಳಿಯುತ್ತದೆ. ಮುಂದಿನ ಎಡಬದಿ ಮಾತ್ರ ಒದ್ದೆಯಾಗಿ, ಅದೂ ಏಸಿ ಹಾಕಿದ ದಿನ ಹೆಚ್ಚಾದರೆ, ಏಸಿಯ ನೀರು ಹೊರಬಿಡುವ ಕೊಳವೆ ಕಟ್ಟಿದೆ ಎಂದು ಊಹಿಸಬಹುದು. ಬಾಗಿಲ ಪಕ್ಕ ಒದ್ದೆಯಾದರೆ ಬಾಗಿಲೊಳಗಿನ ಪ್ಲಾಸ್ಟಿಕ್ ಪರದೆ ಹರಿದಿರಬಹುದು. ಸ್ಪೀಕರ್ ಬದಲಿಸಿದವರು ಅದನ್ನು ಸರಿಯಾಗಿ ಅಂಟಿಸದೆ ಬಿಡುವುದುಂಟು. ಸನ್‌ರೂಫ್ ಇದ್ದರೆ ಅದರ ಮೂಲೆಗಳ ಕೊಳವೆ ನೋಡಿ. ಒದ್ದೆ ಜಿಗುಟಾಗಿದ್ದು ಸಿಹಿ ವಾಸನೆ ಬಂದರೆ ಅದು ಮಳೆನೀರಲ್ಲ, ಹೀಟರಿನಿಂದ ಸೋರಿದ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ.

ಕಾರ್ಪೆಟ್ ತೆಗೆದ ಮೇಲೆ, ಹೊಸದು ಹಾಕುವ ಮೊದಲು, ಒಬ್ಬರು ಪೈಪಿನಲ್ಲಿ ನೀರು ಬಿಡುತ್ತ ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂರಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರುಮಾಡಿದರೆ ಯಾವ ಸಂದಿಯಿಂದ ಬಂತು ಎಂಬುದು ತಿಳಿಯುವುದಿಲ್ಲ.

ಬಿಚ್ಚುವಾಗ

ಸೀಟಿನಡಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಗೊಳಿಸುವ ಸಾಧನದ್ದು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು (ಕನಿಷ್ಠ ಮೂರು ನಿಮಿಷ) ಕಾದು, ಆಮೇಲೆ ಕನೆಕ್ಟರ್ ಮುಟ್ಟಿ. ಸೀಟು ಹೊರಗಿರುವಾಗ ಕೀ ತಿರುಗಿಸಬೇಡಿ. ಎಚ್ಚರಿಕೆ ದೀಪ ಹತ್ತಿಕೊಂಡರೆ ಅಳಿಸಲು ಸ್ಕ್ಯಾನರ್ ಬೇಕಾಗುತ್ತದೆ. ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಬಹಳ ಕಾರುಗಳಲ್ಲಿ ನಡುವಿನ ಉಬ್ಬಿನ ಮೇಲೇ ಇರುತ್ತದೆ. ಅದನ್ನು ಬಿಚ್ಚಬಾರದು, ಅದರ ಕಾಲುಗಳಡಿ ಏನನ್ನೂ ತೂರಿಸಬಾರದು. ಇಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೆಲಸ ನಿಲ್ಲಿಸಿ, ತರಬೇತಾದವರಿಗೆ ಒಪ್ಪಿಸಿ.

ಸೀಟಿಗೆ ಸಾಮಾನ್ಯವಾಗಿ ನಾಲ್ಕು ಬೋಲ್ಟು. ಅವು, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಗಳು, ನಡುವಿನ ಕನ್ಸೋಲು ಬಿಚ್ಚಿದರೆ ಕಾರ್ಪೆಟ್ ಬಿಡುಗಡೆಯಾಗುತ್ತದೆ. ಹಳೆಯದನ್ನು ಹರಿಯಬೇಡಿ, ಹೊಸ ಮೆತ್ತೆ ಕತ್ತರಿಸಲು ಅದೇ ಅಳತೆ.

ತಗಡಿನಲ್ಲಿ ಮೇಲ್ಮೈ ತುಕ್ಕು ಕಂಡರೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ತಂತಿ ಬ್ರಷ್‌ನಿಂದ ಉಜ್ಜಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ಪೇಂಟ್ ಹೊಡೆಯಿರಿ. ಬೆಸುಗೆಯ ಸಾಲುಗಳಲ್ಲಿ ಸೀಲರ್ ಎದ್ದಿದ್ದರೆ ಹೊಸದು ತುಂಬಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ತಗಡು ಕುಸಿದರೆ ಅದಕ್ಕೆ ವೆಲ್ಡಿಂಗೇ ಬೇಕು. ಸೀಟಿನ ಬುಡ, ಬೆಲ್ಟಿನ ಬುಡದ ಹತ್ತಿರವಂತೂ ಫೈಬರ್ ತೇಪೆ ಹಾಕಿ ಮುಚ್ಚುವಂತಿಲ್ಲ, ಅಪಘಾತದಲ್ಲಿ ಭಾರ ಹೊರುವ ಜಾಗ ಅದು. ಈ ಕೆಲಸವೆಲ್ಲ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸುವುದು ಸರಿ. ಜುಲೈಯಲ್ಲಿ ಹೊಡೆದ ಪೇಂಟಿನಡಿ ತೇವ ಸಿಕ್ಕಿಕೊಳ್ಳುತ್ತದೆ.

ದಪ್ಪ ಮತ್ತು ಪ್ರಮಾಣ

ಹೊಸ ಪದರಗಳೆಲ್ಲ ಸೇರಿ ಹಳೆಯ ಮೆತ್ತೆಯ ದಪ್ಪವನ್ನು ಮೀರಬಾರದು. ಮೀರಿದರೆ ಕಾರ್ಪೆಟ್ ಉಬ್ಬಿ ಕ್ಲಿಪ್ ಕೂರುವುದಿಲ್ಲ, ಕನ್ಸೋಲಿನ ಸ್ಕ್ರೂ ತೂತಿಗೆ ಸಿಗುವುದಿಲ್ಲ. ಅದಕ್ಕಿಂತ ಅಪಾಯ ಆಕ್ಸಿಲರೇಟರ್ ಕೆಳಗೆ. ಅಲ್ಲಿ ಉಬ್ಬಿದ ಕಾರ್ಪೆಟ್ಟಿಗೆ ಪೆಡಲ್ ಸಿಕ್ಕಿಕೊಳ್ಳಬಹುದು. ಎಲ್ಲ ಜೋಡಿಸಿದ ಮೇಲೆ, ಇಂಜಿನ್ ಆಫ್ ಇರುವಾಗ, ಮೂರೂ ಪೆಡಲ್‌ಗಳನ್ನು ಪೂರ್ತಿ ಒತ್ತಿ ಬಿಟ್ಟು ನೋಡಿ.

ಒಂದು ಸಣ್ಣ ಹ್ಯಾಚ್‌ಬ್ಯಾಕಿನ ಕಾಲಿಡುವ ನೆಲ ಸುಮಾರು 3 ಚದರ ಮೀಟರ್ ಎಂದುಕೊಳ್ಳೋಣ. 2 ಮಿ.ಮೀ. ಬ್ಯುಟೈಲ್ 1 ಚದರ ಮೀಟರ್ ಸಾಕು. 6 ಮಿ.ಮೀ. ನೈಟ್ರೈಲ್ ಫೋಮ್ ಉಬ್ಬಿಗೆ ಮತ್ತು ಮುಂದಿನ ಗೋಡೆಯ ಬುಡಕ್ಕೆ ಮಾತ್ರವಾದರೆ 1.5 ಚದರ ಮೀಟರ್. ಪಾಲಿಯೆಸ್ಟರ್ ಮೆತ್ತೆ ಕತ್ತರಿಕೆಯ ನಷ್ಟ ಸೇರಿ 3.5 ಚದರ ಮೀಟರ್ ತನ್ನಿ. ನಿಮ್ಮ ಕಾರಿನ ಅಳತೆ ಹಳೆಯ ಕಾರ್ಪೆಟ್ಟಿನ ಮೇಲೆ ಟೇಪ್ ಹಿಡಿದರೆ ಸಿಗುತ್ತದೆ.

ಜೋಡಿಸುವುದು

ಬ್ಯುಟೈಲ್‌ಗೆ ಮುಂಚೆ ತಗಡನ್ನು ಸ್ಪಿರಿಟ್‌ನಿಂದ ಒರೆಸಿ. ಚಪ್ಪಟೆ ಭಾಗದ ನಡುವೆ ಅಂಟಿಸಿ, ಸಣ್ಣ ರೋಲರ್‌ನಿಂದ ಹಾಳೆಯ ಮೇಲಿನ ಚಿತ್ತಾರ ಅಳಿಸುವಷ್ಟು ಒತ್ತಿ. ಅಂಚು ಎದ್ದಿದ್ದರೆ ಅದರಡಿ ನೀರು ನಿಂತು ಅಲ್ಲೇ ತುಕ್ಕು ಶುರು. ಬೆಸುಗೆ ಸಾಲು, ರಬ್ಬರ್ ಬಿರಟೆ, ವೈರಿಂಗ್ ಹಾಯುವ ದಾರಿ, ಇವುಗಳನ್ನು ಬಿಟ್ಟುಬಿಡಿ. ಬಿರಟೆಯನ್ನು ಮುಚ್ಚಿದರೆ ನೆರೆನೀರು ನುಗ್ಗಿದ ದಿನ ಹೊರಬಿಡಲು ದಾರಿಯಿಲ್ಲ.

ಫೋಮ್ ಹಾಳೆಯನ್ನು ಇಳಿಜಾರು ಇರುವಲ್ಲಿ ಮಾತ್ರ ಕಾಂಟ್ಯಾಕ್ಟ್ ಅಂಟಿನಿಂದ ಪೂರ್ತಿಯಾಗಿ ಅಂಟಿಸಿ. ಸಮತಟ್ಟು ಜಾಗದಲ್ಲಿ ಅಂಟು ಬೇಡ. ಅರ್ಧ ಅಂಟಿ ಅರ್ಧ ಎದ್ದ ಫೋಮ್ ಎಲ್ಲಕ್ಕಿಂತ ಕೆಟ್ಟದ್ದು. ನೀರು ಕುಡಿಯದ ವಸ್ತುವೇ ಆದರೂ ತನ್ನ ಮತ್ತು ತಗಡಿನ ನಡುವೆ ತೆಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪಾಲಿಯೆಸ್ಟರ್ ಮೆತ್ತೆಯನ್ನು ಒಂದೇ ಹಾಸಾಗಿ ಹಾಕದೆ ನಾಲ್ಕು ಕಾಲಿಡುವ ಗುಂಡಿಗಳಿಗೆ ನಾಲ್ಕು ತುಂಡು ಮಾಡಿ, ಅಂಟಿಲ್ಲದೆ ಕೂರಿಸಿ. ಒಂದು ಬದಿ ಒದ್ದೆಯಾದರೆ ಹೊಸ್ತಿಲ ಪಟ್ಟಿ ತೆಗೆದು, ಕಾರ್ಪೆಟ್ ಅಂಚು ಎತ್ತಿ, ಆ ತುಂಡನ್ನಷ್ಟೇ ಎಳೆದು ಒಣಗಿಸಬಹುದು. ಸೀಟು ಬಿಚ್ಚುವ ಗೋಜಿಲ್ಲ. ಕಾರ್ಪೆಟ್ಟನ್ನೂ ನೆಲಕ್ಕೆ ಅಂಟಿಸಬೇಡಿ, ಕ್ಲಿಪ್ ಮತ್ತು ಪಟ್ಟಿಗಳೇ ಅದನ್ನು ಹಿಡಿಯುತ್ತವೆ.

ಸೀಟು ಮತ್ತು ಬೆಲ್ಟಿನ ಬುಡದಲ್ಲಿ ಮೆತ್ತೆಯನ್ನು ದುಂಡಗೆ ಕತ್ತರಿಸಿ ತೆಗೆಯಿರಿ. ಲೋಹ ಲೋಹಕ್ಕೇ ಕೂರಬೇಕು. ನಡುವೆ ಮೆತ್ತೆ ಸಿಕ್ಕರೆ ಇವತ್ತು ಬಿಗಿಯಾದ ಬೋಲ್ಟು ಮೆತ್ತೆ ಕುಗ್ಗಿದಂತೆ ಸಡಿಲಾಗುತ್ತದೆ. ಬೋಲ್ಟನ್ನು ಕೈಪಿಡಿಯಲ್ಲಿರುವ ಅಂಕಿಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ.

ಕಾರ್ಪೆಟ್ ಬದಲು ಲ್ಯಾಮಿನೇಷನ್?

ನೆಲ ಲ್ಯಾಮಿನೇಷನ್ ಎಂದು ಮಾಡುವುದು ಹೆಚ್ಚಾಗಿ ಇದ್ದ ಕಾರ್ಪೆಟ್ಟಿನ ಮೇಲೆಯೇ ವಿನೈಲ್ ಹೊದಿಸಿ ಅಂಚು ಅಂಟಿಸುವುದನ್ನು. ಕೆಸರು ಒರೆಸಲು ಸುಲಭ, ಮೀನಿನ ನೀರೂ ಒಳಗಿಳಿಯದು. ಆದರೆ ಸೋರಿಕೆಯ ನೀರು ಬರುವುದು ಮೇಲಿನಿಂದಲ್ಲ, ಬದಿಯಿಂದ ಮತ್ತು ಅಡಿಯಿಂದ. ಅದು ಫೆಲ್ಟಿಗೆ ಸೇರಿದರೆ ವಿನೈಲಿನಡಿ ಕಾಣುವುದೂ ಇಲ್ಲ, ಆರುವುದೂ ಇಲ್ಲ. ತಗಡು ತೂತಾದ ಮೇಲೆ ಗೊತ್ತಾಗುತ್ತದೆ. ವಿನೈಲ್ ಬೇಕೇಬೇಕು ಎಂದಾದರೆ ಹಳೆಯ ಕಾರ್ಪೆಟ್ ಮತ್ತು ಫೆಲ್ಟ್ ತೆಗೆಸಿ, ಮೇಲೆ ಹೇಳಿದ ಮೆತ್ತೆ ಹಾಕಿ, ಬಿಡಿಯಾಗಿ ಎತ್ತಲು ಬರುವಂತೆ ಹೊಲಿಸಿದ ವಿನೈಲ್ ಹಾಸಿ. ಎತ್ತರದ ಅಂಚಿರುವ ರಬ್ಬರ್ ಮ್ಯಾಟ್ ಅದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಚಾಲಕನ ಬದಿಯದನ್ನು ನೆಲದ ಕೊಕ್ಕೆಗೆ ಸಿಕ್ಕಿಸಿ, ಒಂದರ ಮೇಲೊಂದು ಮ್ಯಾಟ್ ಹಾಕಬೇಡಿ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಾಲ್ಕೂ ಗುಂಡಿಗಳಲ್ಲಿ ಕಾರ್ಪೆಟ್ ಅಡಿಗೆ ಮಡಚಿದ ಹಳೆಯ ದಿನಪತ್ರಿಕೆ ತೂರಿಸಿ, ಮೇಲಿನಿಂದ ಅರ್ಧ ನಿಮಿಷ ತುಳಿದು ತೆಗೆಯಿರಿ. ಕಾಗದ ಮೆತ್ತಗಾಗಿ ಬಂದ ಗುಂಡಿಯ ಮೆತ್ತೆಯನ್ನು ಅಂದೇ ಹೊರಗೆಳೆದು ಫ್ಯಾನಿನಡಿ ಇಡಿ, ನೀರಿನ ದಾರಿಯನ್ನು ಅದೇ ಮೂಲೆಯಿಂದ ಹುಡುಕಲು ಶುರುಮಾಡಿ.